ಅಮೆರಿಕಾ ಸ್ವಾತಂತ್ರ್ಯ ಸಮರದ ಸಾಮಾಜಿಕ ಫಲಗಳು: ಜೇಮ್ಸನ್ನರ ವಾದದ ಒಂದು ವಿಮರ್ಶೆ

೧

ಅಮೆರಿಕಾ ಸ್ವಾತಂತ್ರ್ಯ ಸಮರವು ನಮ್ಮ ನಾಡಿಗೆ ದೂರದ ವಿಷಯವಾದರೂ ತೀರ ಹೊರಗಿನ ವಿಷಯವಲ್ಲ. ೧೭೮೧ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಸೈನ್ಯಸಮೇತನಾಗಿ ಶರಣಾದ ಕಾರ್ನ್‌ವಾಲಿಸನೇ ಮುಂದೆ ಗವರ್ನರ್ ಜನರಲ್ಲನಾಗಿ ಬಂದು, ಶ್ರೀರಂಗಪಟ್ಟಣವನ್ನು ಮುತ್ತಿ, ೧೭೯೨ರ ಒಪ್ಪಂದದ ಮೂಲಕ ಟಿಪ್ಪುವಿನ ರಾಜ್ಯದ ಅರ್ಧವನ್ನು ಕಿತ್ತುಕೊಂಡನು. ೧೭೮೨ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆಂಗ್ಲರ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ನೌಕೆಗೆ ಅಲ್ಲಿಯವರು ಇಟ್ಟಿದ್ದ ಹೆಸರು ನಮ್ಮ ಹೈದರಾಲಿಯದು. ಇಂತಹ ಸಂಗತಿಗಳನ್ನು ಹೇಳಿದಾಗ ವಿದ್ಯಾರ್ಥಿಗಳ ಮುಖವರಳುವುದನ್ನು ಅಧ್ಯಾಪಕರೆಲ್ಲರೂ ಕಂಡಿರುತ್ತಾರೆ. ಆದರೆ ಸೇನಾನಿಗಳ ಮತ್ತು ಹಡಗುಗಳ ಕಥೆ ಮುಗಿದ ಮೇಲೆ ಉಳಿಯುವ ಪ್ರಶ್ನೆಯು ಬೇರೆಯದು. ಆ ಯುದ್ಧವು ಅಲ್ಲಿನ ಜನರಲ್ಲಿ ಯಾರ ಬದುಕನ್ನು ಹೇಗೆ ಬದಲಿಸಿತು?

ಈ ಪ್ರಶ್ನೆ ನಮಗೆ ಪುಸ್ತಕದಿಂದ ಮೊದಲು ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ, ಯುದ್ಧ ಮುಗಿದ ಮೇಲೆ ಸಾಮಾನ್ಯ ಸೈನಿಕನಿಗೂ ಭೂಮಿ ಉಂಬಳಿಯಾಗಿ ದೊರೆಯಿತೆಂದೂ, ಇದರಿಂದ ಸ್ವತಂತ್ರ ರೈತರ ರಾಷ್ಟ್ರವೊಂದಕ್ಕೆ ತಳಹದಿ ಬಿದ್ದಿತೆಂದೂ ನಾವು ತರಗತಿಯಲ್ಲಿ ವಿವರಿಸುತ್ತಿದ್ದೆವು. ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು, "ಆ ಜಮೀನು ಅದಕ್ಕೆ ಮುಂಚೆ ಯಾರದಾಗಿತ್ತು ಸಾರ್?" ಎಂದು ಕೇಳಿದನು. ದೊರೆಯ ಭೂಮಿ, ಸರ್ಕಾರಿ ಭೂಮಿ ಎಂದು ನಾವು ಆಗ ಕೊಟ್ಟ ಉತ್ತರವು ತಪ್ಪಾಗಿತ್ತು. ಆ ತಪ್ಪು ನಮ್ಮೊಬ್ಬರದೇ ಅಲ್ಲ, ನಾವು ನಂಬಿಕೊಂಡಿದ್ದ ಒಂದು ಪ್ರಸಿದ್ಧ ಗ್ರಂಥದ ದೃಷ್ಟಿಯಲ್ಲಿಯೂ ಅದರ ಬೇರು ಇದೆಯೆಂಬುದು ಅನಂತರ ತಿಳಿಯಿತು. ಪ್ರಕೃತ ಲೇಖನದಲ್ಲಿ ಆ ದೃಷ್ಟಿಯನ್ನು ಪರಿಶೀಲಿಸಲು ಪ್ರಯತ್ನಿಸಿದ್ದೇವೆ.

೨

ಅಮೆರಿಕಾ ಕ್ರಾಂತಿಯನ್ನು ಒಂದು ಸಾಮಾಜಿಕ ಚಳುವಳಿಯೆಂದು ಪರಿಗಣಿಸಿ ಜೆ. ಫ್ರಾಂಕ್ಲಿನ್ ಜೇಮ್ಸನ್ನರು ೧೯೨೫ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷ ಅವು ಗ್ರಂಥರೂಪದಲ್ಲಿ ಪ್ರಕಟವಾದವು. ವ್ಯಕ್ತಿಗಳ ಸ್ಥಾನಮಾನ, ಭೂಮಿ, ಉದ್ಯಮ ವಾಣಿಜ್ಯಗಳು, ವಿಚಾರ ಭಾವನೆಗಳು ಎಂಬುವು ಆ ನಾಲ್ಕರ ವಿಷಯಗಳು. ಗ್ರಂಥವು ಗಾತ್ರದಲ್ಲಿ ಚಿಕ್ಕದು, ಪ್ರಭಾವದಲ್ಲಿ ದೊಡ್ಡದು. ಅಲ್ಲಿಯವರೆಗೆ ತೆರಿಗೆಯ ತಕರಾರು ಮತ್ತು ಸಂವಿಧಾನದ ವಾದಗಳ ಮಟ್ಟದಲ್ಲಿಯೇ ನಿಂತಿದ್ದ ಚರಿತ್ರೆಯನ್ನು ಹೊಲ, ಮನೆ, ಚರ್ಚು, ಮಾರುಕಟ್ಟೆಗಳ ಮಟ್ಟಕ್ಕೆ ಇಳಿಸಿದ ಕೀರ್ತಿ ಜೇಮ್ಸನ್ನರಿಗೆ ಸಲ್ಲಬೇಕು. ಕ್ರಾಂತಿಯನ್ನು ಅವರು ದಡಗಳೊಳಗೆ ನಿಲ್ಲದೆ ನಾಡಿನ ಮೇಲೆ ಹರಿದ ಹೊಳೆಗೆ ಹೋಲಿಸುತ್ತಾರೆ. ರಾಜಕೀಯ ಸ್ವಾತಂತ್ರ್ಯಕ್ಕಾಗಿ ತೊಡಗಿದ ಹೋರಾಟವು ತಾನೇ ತಾನಾಗಿ ಗುಲಾಮಗಿರಿಯನ್ನು ಸಡಿಲಿಸಿತು, ಮತದಾರರನ್ನು ಹೆಚ್ಚಿಸಿತು, ದೊಡ್ಡ ಎಸ್ಟೇಟುಗಳನ್ನು ಒಡೆಯಿತು, ಸಮಾಜವನ್ನು ಸಮತೆಯ ಕಡೆಗೆ ತಳ್ಳಿತು ಎಂಬುದು ಅವರ ವಾದದ ಸಾರ.

ಈ ವಾದಕ್ಕೆ ಆಕ್ಷೇಪಣೆಗಳು ಬಾರದೆ ಇರಲಿಲ್ಲ. ೧೯೫೪ರಲ್ಲಿ ಫ್ರೆಡರಿಕ್ ಟೋಲ್ಸ್‌ ಅವರು ಆವರೆಗಿನ ಸಂಶೋಧನೆಗಳನ್ನೆಲ್ಲ ಒರೆಗೆ ಹಚ್ಚಿ, ಜೇಮ್ಸನ್ನರು ಹೇಳಿದ ಬದಲಾವಣೆಗಳಲ್ಲಿ ಹಲವು ಅವರು ತಿಳಿದಷ್ಟು ದೊಡ್ಡವಲ್ಲವೆಂದು ತೋರಿಸಿದರು. ೧೯೯೨ರಲ್ಲಿ ಗಾರ್ಡನ್ ವುಡ್ ಅವರು ಮತ್ತೆ ಎದುರು ದಿಕ್ಕಿಗೆ ತಿರುಗಿ, ಆ ಕ್ರಾಂತಿಯು ದೊರೆ ಪ್ರಜೆ, ಧಣಿ ಆಳು ಎಂಬ ಹಳೆಯ ಸಂಬಂಧಗಳನ್ನೇ ಕಿತ್ತುಹಾಕಿದ ಆಮೂಲಾಗ್ರ ಕ್ರಾಂತಿಯೆಂದು ವಾದಿಸಿದರು. ಈ ವಾದವಿವಾದಗಳನ್ನು ಓದುವಾಗ ನಮಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಬದಲಾವಣೆ ಎಷ್ಟಾಯಿತು? ಹೆಚ್ಚೇ, ಕಡಮೆಯೇ? ಹೊಳೆ ಎಷ್ಟು ದೂರ ಹರಿಯಿತೆಂಬುದನ್ನು ಅಳೆಯುವುದೇ ಇವರ ಉದ್ದೇಶ.

ಹೊಳೆಯ ದಂಡೆಯಲ್ಲಿ ಬೇಸಾಯ ಮಾಡುವ ನಮ್ಮ ರೈತನು ನೆರೆಯನ್ನು ಹೀಗೆ ಅಳೆಯುವುದಿಲ್ಲ. ತನ್ನ ಹೊಲದ ಮೇಲೆ ಕುಳಿತ ಮೆಕ್ಕಲು ಮಣ್ಣು ಮೇಲಿನ ಯಾರದೋ ಹೊಲದಿಂದ ಕೊಚ್ಚಿ ಬಂದದ್ದೆಂದು ಅವನಿಗೆ ಗೊತ್ತು. ಒಬ್ಬನ ಲಾಭವೂ ಇನ್ನೊಬ್ಬನ ನಷ್ಟವೂ ಅಲ್ಲಿ ಎರಡು ಘಟನೆಗಳಲ್ಲ, ಒಂದೇ ಘಟನೆಯ ಎರಡು ಮುಖಗಳು. ಅಮೆರಿಕಾ ಕ್ರಾಂತಿಯ ಸಾಮಾಜಿಕ ಫಲಗಳನ್ನೂ ಹೀಗೆಯೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಎಷ್ಟು ಬದಲಾವಣೆಯಾಯಿತೆಂದು ಕೇಳುವುದಕ್ಕಿಂತ, ಯಾರಿಂದ ಯಾರಿಗೆ ಹೋಯಿತೆಂದು ಕೇಳುವುದು ಹೆಚ್ಚು ಫಲದಾಯಕವಾದುದು.

೩

ನಮ್ಮ ಮಾತಿಗೆ ಒಂದೇ ಶಾಸನವು ಸಾಕಷ್ಟು ಆಧಾರವನ್ನು ಒದಗಿಸುತ್ತದೆ. ೧೭೮೦ರ ಶರತ್ಕಾಲದಲ್ಲಿ ವರ್ಜೀನಿಯಾಕ್ಕೆ ಸೈನಿಕರ ಕೊರತೆ ಬಹಳವಾಗಿದ್ದಿತು. ಯುದ್ಧ ಮುಗಿಯುವವರೆಗೆ ಸೇವೆ ಮಾಡುವುದಾಗಿ ಸೇರುವ ಪ್ರತಿಯೊಬ್ಬ ಸೈನಿಕನಿಗೂ ೩೦೦ ಎಕರೆ ಭೂಮಿಯನ್ನೂ, ಅದರ ಜತೆಗೆ ಹತ್ತರಿಂದ ಮೂವತ್ತು ವರ್ಷ ವಯಸ್ಸಿನ ಆರೋಗ್ಯವಂತ ಗುಲಾಮನೊಬ್ಬನನ್ನೋ ಅಥವಾ ೬೦ ಪೌಂಡು ಬೆಳ್ಳಿ ಬಂಗಾರದ ನಾಣ್ಯವನ್ನೋ ಕೊಡುವುದಾಗಿ ಅಲ್ಲಿನ ಶಾಸನಸಭೆಯು ನಿರ್ಣಯಿಸಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುವವನಿಗೆ ಇನ್ನೊಬ್ಬನ ಸ್ವಾತಂತ್ರ್ಯವೇ ಸಂಭಾವನೆ. ಇದರ ವೈಪರೀತ್ಯವು ಆ ಕಾಲದವರಿಗೆ ಹೊಳೆಯಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಆಗ ಕಾಂಗ್ರೆಸ್ಸಿನಲ್ಲಿದ್ದ ಜೇಮ್ಸ್ ಮ್ಯಾಡಿಸನ್ನನು ಅದೇ ನವೆಂಬರಿನಲ್ಲಿ ಮಿತ್ರನಿಗೆ ಪತ್ರ ಬರೆದು, ಗುಲಾಮರನ್ನು ಸೈನಿಕರಿಗೆ ಹಂಚುವುದಕ್ಕೆ ಬದಲಾಗಿ ಅವರನ್ನೇ ಬಿಡುಗಡೆ ಮಾಡಿ ಸೈನಿಕರನ್ನಾಗಿ ಮಾಡಬಾರದೇಕೆ, ಸ್ವಾತಂತ್ರ್ಯದ ತತ್ತ್ವಕ್ಕೆ ಅದೇ ಒಪ್ಪುವ ಮಾರ್ಗವಲ್ಲವೆ ಎಂಬ ಅರ್ಥದ ಸಲಹೆಯನ್ನು ಮುಂದಿಟ್ಟನು. ಆ ಸಲಹೆಯು ನಡೆಯಲಿಲ್ಲ.

ಈ ಶಾಸನದಲ್ಲಿ ಮೂರು ಸಮುದಾಯಗಳು ಒಂದೆಡೆ ಸೇರಿವೆ. ಭೂಮಿಯಿಲ್ಲದ ಬಿಳಿಯ ಯುವಕನು ಒಬ್ಬ. ಅವನಿಗೆ ಇದು ನಿಜವಾಗಿಯೂ ಮೇಲೇರುವ ದಾರಿ. ಉಡುಗೊರೆಯಾಗಿ ಕೊಡಲ್ಪಡುವ ಗುಲಾಮನು ಎರಡನೆಯವನು. ವರ್ಜೀನಿಯಾದ ಉಂಬಳಿ ಭೂಮಿಗಳನ್ನು ಗೊತ್ತುಮಾಡಿದ್ದು ಇಂದಿನ ಕೆಂಟಕಿ ಮತ್ತು ಓಹಾಯೋ ಪ್ರಾಂತಗಳಲ್ಲಿ. ಅಲ್ಲಿ ಬೇಟೆಯಾಡಿ ಬೇಸಾಯಮಾಡಿ ಬದುಕಿದ್ದ ಶಾನೀ ಮೊದಲಾದ ಮೂಲನಿವಾಸಿಗಳು ಮೂರನೆಯವರು. ಕ್ರಾಂತಿಯು ಸಾಮಾನ್ಯನಿಗೆ ಭೂಮಿ ಕೊಟ್ಟಿತೆಂಬ ಮಾತು ಸುಳ್ಳಲ್ಲ. ಆದರೆ ಅದು ವಾಕ್ಯದ ಮೂರನೆಯ ಒಂದು ಭಾಗ ಮಾತ್ರ.

ವರ್ಜೀನಿಯಾದಲ್ಲಿ ಇದು ಆಶ್ವಾಸನೆಯಾಗಿದ್ದರೆ, ದಕ್ಷಿಣ ಕರೋಲಿನಾದಲ್ಲಿ ಆಚರಣೆಯೇ ಆಯಿತು. ೧೭೮೧ರಲ್ಲಿ ಥಾಮಸ್ ಸಂಟರ್ ಎಂಬ ಸೇನಾನಿಯು, ಆಂಗ್ಲಪಕ್ಷದ ಧಣಿಗಳಿಂದ ಹಿಡಿದು ತಂದ ಗುಲಾಮರನ್ನು ಹತ್ತು ತಿಂಗಳ ಸೇವೆಗೆ ಸಂಬಳವಾಗಿ ಹಂಚುವ ಪದ್ಧತಿಯನ್ನು ಜಾರಿಗೆ ತಂದನು. ಧಣಿಯ ಆಸ್ತಿಯು ಸಾಮಾನ್ಯನ ಕೈಗೆ ಬಂದಿತು ಎಂದು ಇದನ್ನು ವರ್ಣಿಸಬಹುದು. ಹಾಗೆ ವರ್ಣಿಸಿದರೆ ಆ 'ಆಸ್ತಿ'ಗೂ ತಾಯಿ, ಹೆಂಡತಿ, ಮಕ್ಕಳು ಇದ್ದರೆಂಬುದು ಮರೆತುಹೋಗುತ್ತದೆ.

೪

ಜೇಮ್ಸನ್ನರು ಭೂಮಿಯ ವಿಷಯದಲ್ಲಿ ಮುಖ್ಯವಾಗಿ ಎರಡು ನಿದರ್ಶನಗಳನ್ನು ಅವಲಂಬಿಸುತ್ತಾರೆ. ಮೊದಲನೆಯದು ರಾಜನಿಷ್ಠರ ಆಸ್ತಿಯ ಮುಟ್ಟುಗೋಲು. ನ್ಯೂಯಾರ್ಕಿನ ಜೇಮ್ಸ್ ಡಿಲಾನ್ಸಿಯ ಭೂಮಿಯು ೨೭೫ ಮಂದಿಗೆ ಹಂಚಿಹೋಯಿತೆಂದು ಅವರು ತೋರಿಸುತ್ತಾರೆ. ಒಬ್ಬ ಜಹಗೀರುದಾರನಿದ್ದ ಕಡೆ ೨೭೫ ಒಡೆಯರು! ಅಂಕಿಯು ಆಕರ್ಷಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹ್ಯಾರಿ ಯೋಷ್ಪ್ ಅವರು ೧೯೩೯ರಲ್ಲಿ ಪ್ರಕಟಿಸಿದ ಅಧ್ಯಯನವು, ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯಲ್ಲಿ ಇಂತಹ ಭೂಮಿಯ ಗಣನೀಯ ಭಾಗವು ಹಣವಂತರಾದ ವರ್ತಕರ ಮತ್ತು ಭೂವ್ಯಾಪಾರಿಗಳ ಪಾಲಾಯಿತೆಂದು ತೋರಿಸಿತು. ಪ್ರಾಂತದ ಬೇರೆ ಕಡೆಗಳಲ್ಲಿ ಗೇಣಿದಾರರೇ ತಾವು ಉಳುತ್ತಿದ್ದ ನೆಲವನ್ನು ಕೊಂಡುಕೊಂಡ ನಿದರ್ಶನಗಳೂ ಇವೆ. ಹೀಗಾಗಿ ಕೊಂಡವರನ್ನು ಎಣಿಸಿದರೆ ಸಾಲದು. ಅವರು ಯಾರೆಂಬುದನ್ನೂ ವಿಚಾರಿಸಬೇಕು.

ಕಳೆದುಕೊಂಡವರಲ್ಲಿಯೂ ಭೇದವುಂಟು. ೧೭೭೯ರಲ್ಲಿ ಪೆನ್ಸಿಲ್ವೇನಿಯಾವು ಪೆನ್ ಮನೆತನದ ವಿಶಾಲವಾದ ಭೂಸ್ವಾಮ್ಯವನ್ನು ತನ್ನದಾಗಿ ಮಾಡಿಕೊಂಡಾಗ ಆ ಮನೆತನಕ್ಕೆ ೧,೩೦,೦೦೦ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿತು. ಮಾಯಾ ಜಾಸನಾಫ್ ಅವರು ೨೦೧೧ರ ತಮ್ಮ ಗ್ರಂಥದಲ್ಲಿ, ಸುಮಾರು ೬೦,೦೦೦ ರಾಜನಿಷ್ಠರು ದೇಶ ಬಿಟ್ಟು ಹೋದರೆಂದೂ, ಅವರ ಜತೆಯಲ್ಲಿ ಸುಮಾರು ೧೫,೦೦೦ ಗುಲಾಮರು ಸಾಗಿಸಲ್ಪಟ್ಟರೆಂದೂ ಲೆಕ್ಕ ಹಾಕಿದ್ದಾರೆ. ಧಣಿಯು ದೇಶಭ್ರಷ್ಟನಾದಾಗ ಗುಲಾಮನೂ ದೇಶಭ್ರಷ್ಟನಾದನು. ಧಣಿಗಾದರೂ ತನ್ನ ಪಕ್ಷವನ್ನು ತಾನು ಆರಿಸಿಕೊಂಡ ಸಮಾಧಾನವಿದ್ದಿತು.

ಎರಡನೆಯ ನಿದರ್ಶನವು ಉತ್ತರಾಧಿಕಾರದ ಕಾನೂನುಗಳಿಗೆ ಸಂಬಂಧಿಸಿದುದು. ಆಸ್ತಿಯನ್ನು ಮಾರದಂತೆ, ಪಾಲು ಮಾಡದಂತೆ ವಂಶಕ್ಕೆ ಕಟ್ಟಿಹಾಕುವ ಪದ್ಧತಿಯನ್ನು ವರ್ಜೀನಿಯಾವು ೧೭೭೬ರಲ್ಲಿ ತೆಗೆದುಹಾಕಿತು. ಹಿರಿಯ ಮಗನಿಗೇ ಸರ್ವಸ್ವವೆಂಬ ಜ್ಯೇಷ್ಠಾಧಿಕಾರವನ್ನು ೧೭೮೫ರಲ್ಲಿ ರದ್ದುಮಾಡಿತು. ಎರಡರ ಹಿಂದೆಯೂ ಜೆಫರ್ಸನ್ನನ ಕೈವಾಡವಿದ್ದಿತು. ಈ ಸುಧಾರಣೆಗಳಿಗೆ ವಾಸ್ತವವಾಗಿ ಹೆಚ್ಚಿನ ಅರ್ಥವಿರಲಿಲ್ಲವೆಂದು ೧೯೬೮ರಲ್ಲಿ ರೇ ಕೀಮ್ ಅವರು ವಾದಿಸಿದರು. ಕಟ್ಟಿಹಾಕಿದ್ದ ಭೂಮಿಯ ಪ್ರಮಾಣವು ಬಹಳ ದೊಡ್ಡದಾಗಿದ್ದಿತೆಂದು ೧೯೯೭ರಲ್ಲಿ ಹಾಲಿ ಬ್ರೂವರ್ ಅವರು ಅದಕ್ಕೆ ಉತ್ತರ ಕೊಟ್ಟರು. ಬ್ರೂವರ್ ಅವರ ಪಕ್ಷವೇ ಬಲವಾದುದೆಂದು ನಮಗೆ ತೋರುತ್ತದೆ. ಹಾಗಾದರೆ ಜೇಮ್ಸನ್ನರು ಗೆದ್ದಂತಾಯಿತೆ?

ಆ ಶಾಸನದ ಶಿರೋನಾಮೆಯನ್ನು ನೋಡೋಣ. ಹೀಗೆ ವಂಶಕ್ಕೆ ಕಟ್ಟಲ್ಪಟ್ಟ ಆಸ್ತಿಯನ್ನು ಅದು ವರ್ಣಿಸುವಾಗ ಭೂಮಿಯನ್ನಷ್ಟೇ ಹೇಳುವುದಿಲ್ಲ, ಗುಲಾಮರನ್ನೂ ಹೇಳುತ್ತದೆ. ೧೭೨೭ರ ಕಾನೂನಿನಂತೆ ಗುಲಾಮರನ್ನು ಭೂಮಿಗೆ ಸೇರಿಸಿ ಅದರೊಡನೆಯೇ ವಂಶಕ್ಕೆ ಕಟ್ಟಿಹಾಕಲು ಅವಕಾಶವಿದ್ದಿತು. ಅದು ದಾಸ್ಯವೇ ಹೌದು. ಆದರೆ ಭೂಮಿ ಒಡೆಯದಿರುವವರೆಗೆ ಅದರ ಮೇಲಿನ ಗುಲಾಮರ ಸಂಸಾರಗಳೂ ಸುಲಭವಾಗಿ ಒಡೆಯುವಂತಿರಲಿಲ್ಲ. ೧೭೭೬ರ ಬಳಿಕ ಧಣಿಯು ಎಲ್ಲವನ್ನೂ ಮಾರಬಹುದಾಯಿತು. ೧೭೮೫ರ ಬಳಿಕ, ಉಯಿಲಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ಕಿರಿಯ ಮಗನಿಗೂ ಮಗಳಿಗೂ ಸಮಪಾಲು ಸಿಕ್ಕಿತು. ಆ ಸಮಪಾಲುಗಳಲ್ಲಿ ಗುಲಾಮ ತಂದೆ ಒಬ್ಬರಿಗೆ, ಗುಲಾಮ ಮಗು ಇನ್ನೊಬ್ಬರಿಗೆ ಹೋಗುವುದಕ್ಕೆ ಈಗ ತಡೆಯಿಲ್ಲದಾಯಿತು. ಧಣಿಯ ಮನೆಯಲ್ಲಿ ಅಣ್ಣತಮ್ಮಂದಿರನ್ನು ಸಮಾನರನ್ನಾಗಿ ಮಾಡಿದ ಕಾನೂನೇ ಕೇರಿಯ ಗುಡಿಸಲಿನಲ್ಲಿ ಅಣ್ಣತಮ್ಮಂದಿರನ್ನು ಅಗಲಿಸುವ ಕಾನೂನಾಯಿತು.

೫

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಬರೋಣ. ಜೇಮ್ಸನ್ನರ ನಾಲ್ಕು ಉಪನ್ಯಾಸಗಳಲ್ಲಿ ಮೂಲನಿವಾಸಿಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಪಶ್ಚಿಮದ ಭೂಮಿಯು ತೆರೆದುಕೊಂಡದ್ದು ಅವರ ದೃಷ್ಟಿಯಲ್ಲಿ ಕ್ರಾಂತಿಯ ಲಾಭಗಳಲ್ಲೊಂದು. ೧೭೬೩ರ ಘೋಷಣೆಯಿಂದ ಆಂಗ್ಲ ದೊರೆಯು ಪರ್ವತದ ಆಚೆಗೆ ವಲಸೆ ಹೋಗಕೂಡದೆಂದು ಗೆರೆ ಎಳೆದಿದ್ದನಷ್ಟೆ. ಕ್ರಾಂತಿಯು ಆ ಗೆರೆಯನ್ನು ಅಳಿಸಿತು. ಗೆರೆಯ ಈಚೆಗಿದ್ದವರಿಗೆ ಅದು ಬಂಧನವಾಗಿದ್ದಂತೆ, ಆಚೆಗಿದ್ದವರಿಗೆ ಎಷ್ಟೇ ದುರ್ಬಲವಾದರೂ ಒಂದು ಬೇಲಿಯಾಗಿದ್ದಿತು.

ನ್ಯೂಯಾರ್ಕ್ ಪ್ರಾಂತದ ಆರು ಕುಲಗಳ ಒಕ್ಕೂಟದ ಕಥೆಯು ಇಲ್ಲಿ ಬೋಧಪ್ರದವಾದುದು. ಇರೋಕ್ವಾ ಎಂದು ಪ್ರಸಿದ್ಧರಾದ ಇವರಲ್ಲಿ ಮೊಹಾಕ್, ಸೆನೆಕಾ, ಕಯೂಗಾ, ಆನಂಡಾಗ ಕುಲಗಳಲ್ಲಿ ಬಹುಪಾಲು ಜನ ಆಂಗ್ಲರ ಕಡೆಗೂ, ಒನೈಡಾ ಮತ್ತು ಟಸ್ಕರೋರಾ ಕುಲಗಳಲ್ಲಿ ಬಹುಪಾಲು ಜನ ಅಮೆರಿಕನ್ನರ ಕಡೆಗೂ ನಿಂತರು. ೧೭೭೯ರಲ್ಲಿ ಸಲಿವನ್ ಎಂಬ ಸೇನಾನಿಯು ವಾಷಿಂಗ್ಟನ್ನನ ಅಪ್ಪಣೆಯಂತೆ ಶತ್ರುಪಕ್ಷದ ಕುಲಗಳ ನಾಡನ್ನು ಹೊಕ್ಕು ಸುಮಾರು ನಲವತ್ತು ಊರುಗಳನ್ನು ಸುಟ್ಟು, ಕೊಯ್ಲಿಗೆ ಬಂದಿದ್ದ ಮುಸುಕಿನ ಜೋಳವನ್ನೂ ಹಣ್ಣಿನ ತೋಟಗಳನ್ನೂ ನಾಶಮಾಡಿದನು. ಇಲ್ಲಿ ನಾಶವಾದದ್ದು ಅಲೆಮಾರಿಗಳ ಬೀಡಲ್ಲ, ನೆಲೆನಿಂತ ಒಕ್ಕಲಿಗರ ಬೆಳೆ ಎಂಬುದನ್ನು ಗಮನಿಸಬೇಕು. ೧೭೮೩ರ ಪ್ಯಾರಿಸ್ ಒಪ್ಪಂದದಲ್ಲಿ ಮೂಲನಿವಾಸಿಗಳ ಹೆಸರೇ ಇಲ್ಲ. ತನ್ನ ಮಿತ್ರರ ಭೂಮಿಯನ್ನು ಬ್ರಿಟನ್ನು ಅವರನ್ನು ಕೇಳದೆ ಬಿಟ್ಟುಕೊಟ್ಟಿತು.

ಸೋತ ಪಕ್ಷವನ್ನು ಸೇರಿದವರು ನಷ್ಟ ಅನುಭವಿಸಿದರು, ಅದು ಯುದ್ಧಧರ್ಮ ಎಂದು ಯಾರಾದರೂ ಹೇಳಬಹುದು. ಗೆದ್ದ ಪಕ್ಷವನ್ನು ಸೇರಿದ ಒನೈಡಾಗಳ ಗತಿಯು ಈ ಸಮಾಧಾನಕ್ಕೆ ಅವಕಾಶ ಕೊಡುವುದಿಲ್ಲ. ಅವರ ಭೂಮಿ ಅವರಿಗೇ ಸ್ಥಿರವೆಂದು ೧೭೮೪ರ ಸ್ಟ್ಯಾನ್‌ವಿಕ್ಸ್ ಕೋಟೆಯ ಒಪ್ಪಂದದಲ್ಲಿ ಅಮೆರಿಕಾ ಸರ್ಕಾರವು ವಚನ ಕೊಟ್ಟಿತು. ೧೭೮೫ ಮತ್ತು ೧೭೮೮ರ ಒಪ್ಪಂದಗಳಿಂದ ನ್ಯೂಯಾರ್ಕ್ ಸಂಸ್ಥಾನವು ಅದರ ಬಹುಭಾಗವನ್ನು ಪಡೆದುಕೊಂಡಿತು. ೧೭೯೫ರಲ್ಲಿ ಇನ್ನೊಂದು ಭಾಗವು ಹೋಯಿತು. ಆ ಕೊನೆಯ ವ್ಯವಹಾರವು ಕಾನೂನಿಗೆ ವಿರುದ್ಧವಾಗಿದ್ದಿತೆಂದು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಒಪ್ಪಿಕೊಂಡದ್ದು ೧೯೮೫ರಲ್ಲಿ.

ಆನಂಡಾಗ ಮತ್ತು ಕಯೂಗಾ ಕುಲಗಳಿಂದ ಪಡೆದ ನಾಡನ್ನು ನ್ಯೂಯಾರ್ಕ್ ತನ್ನ ಸೈನಿಕರಿಗೆ ಮೀಸಲಿಟ್ಟಿತು. ಸಾಮಾನ್ಯ ಸೈನಿಕನಿಗೆ ೬೦೦ ಎಕರೆ. ಆ ನಾಡಿನ ಹೊಸ ಊರುಗಳಿಗೆ ಹೋಮರ್, ವರ್ಜಿಲ್, ಸಿಸೆರೋ, ಓವಿಡ್ ಎಂದು ಪ್ರಾಚೀನ ಗ್ರೀಸ್ ರೋಮುಗಳ ಹೆಸರುಗಳನ್ನಿಟ್ಟರು. ಇದ್ದ ಜನರ ಹೆಸರು ಅಳಿದು ಇಲ್ಲದ ಜನರ ಹೆಸರು ನಿಂತಿತು. ಸೈನಿಕನಿಗಾದರೂ ಭೂಮಿ ದಕ್ಕಿತೆ ಎಂದರೆ, ಹಲವರಿಗೆ ಅದೂ ಇಲ್ಲ. ಭೂಮಿ ಕೈಸೇರುವುದು ತಡವಾದುದರಿಂದ, ಕೈ ಬರಿದಾಗಿದ್ದ ಸೈನಿಕರು ತಮ್ಮ ಹಕ್ಕುಪತ್ರಗಳನ್ನು ಅಗ್ಗದ ಬೆಲೆಗೆ ಭೂವ್ಯಾಪಾರಿಗಳಿಗೆ ಮಾರಿಕೊಂಡರು. ಸಂಬಳಕ್ಕೆ ಬದಲಾಗಿ ಕೊಟ್ಟಿದ್ದ ಸಾಲಪತ್ರಗಳಿಗೂ ಇದೇ ಗತಿ ಬಂದಿತು. ೧೭೯೦ರಲ್ಲಿ ಹ್ಯಾಮಿಲ್ಟನ್ನನ ಯೋಜನೆಯಂತೆ ಅವುಗಳನ್ನು ಪೂರ್ಣ ಬೆಲೆಗೆ ಮಾನ್ಯಮಾಡಿದಾಗ ಲಾಭವು ಆಗ ಪತ್ರ ಹಿಡಿದಿದ್ದವನಿಗೆ ಹೋಯಿತು; ಮೂಲ ಒಡೆಯನಿಗೂ ಪಾಲು ಸಿಗಬೇಕೆಂಬ ಮ್ಯಾಡಿಸನ್ನನ ಸೂಚನೆಯು ಬಿದ್ದುಹೋಯಿತು. ಕುಲದಿಂದ ಸೈನಿಕನಿಗೆ, ಸೈನಿಕನಿಂದ ವ್ಯಾಪಾರಿಗೆ: ಮಣ್ಣು ಹರಿದ ದಾರಿ ಇದು.

೬

ಗುಲಾಮಗಿರಿಯ ವಿಷಯದಲ್ಲಿ ಜೇಮ್ಸನ್ನರ ವಾದಕ್ಕೆ ಹೆಚ್ಚಿನ ಬಲವಿದೆಯೆಂಬುದನ್ನು ಒಪ್ಪಬೇಕು. ೧೭೭೬ರಲ್ಲಿ ಹದಿಮೂರು ವಸಾಹತುಗಳ ಸುಮಾರು ೨೫ ಲಕ್ಷ ಜನರಲ್ಲಿ ಐದರಲ್ಲೊಂದು ಪಾಲು, ಎಂದರೆ ಸುಮಾರು ೫ ಲಕ್ಷ, ಗುಲಾಮರಾಗಿದ್ದರು. ೧೭೭೭ರ ವರ್ಮಾಂಟ್ ಸಂವಿಧಾನ, ೧೭೮೦ರ ಪೆನ್ಸಿಲ್ವೇನಿಯಾದ ಶಾಸನ, ೧೭೮೧ರಿಂದ ೧೭೮೩ರವರೆಗಿನ ಮೆಸಚೂಸೆಟ್ಸಿನ ನ್ಯಾಯತೀರ್ಪುಗಳು, ೧೭೮೪ರ ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಶಾಸನಗಳು, ಇವೆಲ್ಲವೂ ದಾಸ್ಯದ ಬುಡಕ್ಕೆ ಕೊಡಲಿ ಹಾಕಿದವು. ೧೭೯೦ರ ಜನಗಣತಿಯಲ್ಲಿ ಮೆಸಚೂಸೆಟ್ಸಿನ ಗುಲಾಮರ ಸಂಖ್ಯೆ ಸೊನ್ನೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಬಿಡುಗಡೆಯ ಬೆಲೆಯನ್ನು ತೆತ್ತವರು ಯಾರು? ಪೆನ್ಸಿಲ್ವೇನಿಯಾದ ಶಾಸನದಂತೆ, ಅಂದು ದಾಸ್ಯದಲ್ಲಿದ್ದು ದಫ್ತರಿನಲ್ಲಿ ನಮೂದಾದವರು ಬದುಕಿರುವವರೆಗೂ ಗುಲಾಮರೇ. ಅನಂತರ ಹುಟ್ಟಿದ ಮಕ್ಕಳು ಹೆಸರಿಗೆ ಸ್ವತಂತ್ರರು. ಆದರೆ ೨೮ ವರ್ಷ ತುಂಬುವವರೆಗೆ ತಾಯಿಯ ಧಣಿಗೇ ದುಡಿಯಬೇಕು. ಧಣಿಗೆ ಸಲ್ಲಬೇಕಾದ 'ಪರಿಹಾರ'ವನ್ನು ಮಕ್ಕಳು ತಮ್ಮ ಯೌವನದಿಂದ ತೀರಿಸಿದರು. ನ್ಯೂಯಾರ್ಕ್ ೧೭೯೯ರಲ್ಲಿ, ನ್ಯೂಜರ್ಸಿ ೧೮೦೪ರಲ್ಲಿ ಇದೇ ಮಾದರಿಯ ಶಾಸನಗಳನ್ನು ಮಾಡಿದವು.

ಬಿಡುಗಡೆಗೆ ಇನ್ನೊಂದು ದಾರಿಯೂ ಇದ್ದಿತು. ಅದು ಶತ್ರುಪಾಳೆಯದ ಕಡೆಗೆ ಹೋಗುತ್ತಿದ್ದಿತು. ೧೭೭೫ರ ನವೆಂಬರಿನಲ್ಲಿ ವರ್ಜೀನಿಯಾದ ಗವರ್ನರ್ ಡನ್‌ಮೋರನು, ಬಂಡಾಯಗಾರರ ಗುಲಾಮರೂ ಕರಾರಿನ ಆಳುಗಳೂ ಬಂದು ದೊರೆಯ ಸೈನ್ಯ ಸೇರಿದರೆ ಸ್ವತಂತ್ರರೆಂದು ಸಾರಿದನು. ೧೭೭೯ರಲ್ಲಿ ಸೇನಾಪತಿ ಕ್ಲಿಂಟನ್ನನು ಈ ಆಶ್ವಾಸನೆಯನ್ನು ಇನ್ನಷ್ಟು ವಿಸ್ತರಿಸಿದನು. ಓಡಿಬಂದವರಲ್ಲಿ ಬಹಳ ಮಂದಿ ಸಿಡುಬಿಗೆ ಬಲಿಯಾದರು. ಕೊನೆಗೆ ೧೭೮೩ರಲ್ಲಿ ಆಂಗ್ಲರು ನ್ಯೂಯಾರ್ಕನ್ನು ತೆರವು ಮಾಡುವಾಗ ಸುಮಾರು ೩,೦೦೦ ಮಂದಿ ಕರಿಯರ ಹೆಸರುಗಳನ್ನು ಒಂದು ದಫ್ತರಿನಲ್ಲಿ ಬರೆದುಕೊಂಡು ಹಡಗು ಹತ್ತಿಸಿದರು. ಅವರನ್ನು ಹಿಂದಕ್ಕೆ ಕೊಡಬೇಕೆಂದು ಕೇಳಿದವನು ವಾಷಿಂಗ್ಟನ್ನನು. ಕೊಡಲಾರೆನೆಂದವನು ಆಂಗ್ಲ ಸೇನಾಪತಿ ಕಾರ್ಲ್‌ಟನ್ನನು. ಆ ಪಟ್ಟಿಯಲ್ಲಿ ವಾಷಿಂಗ್ಟನ್ನನ ಮನೆಯಿಂದಲೇ ಓಡಿಹೋಗಿದ್ದ ಹ್ಯಾರಿ ವಾಷಿಂಗ್ಟನ್ನನೆಂಬುವನೂ ಇದ್ದನು. ನೋವಾಸ್ಕೋಷಿಯಾದಲ್ಲಿ ಇವರಿಗೆ ಸರಿಯಾದ ಭೂಮಿಯೂ ಆದರವೂ ದೊರೆಯಲಿಲ್ಲವಾಗಿ, ೧೭೯೨ರಲ್ಲಿ ೧,೨೦೦ಕ್ಕೆ ಸಮೀಪದಷ್ಟು ಜನರು ಆಫ್ರಿಕಾದ ಸಿಯೆರಾ ಲಿಯೋನಿಗೆ ಹೋಗಿ ನೆಲೆಸಿದರು. ಹ್ಯಾರಿಯೂ ಅವರೊಡನೆ ಹೋದನು.

ಬೆಂಜಮಿನ್ ಕ್ವಾರ್ಲ್ಸ್ ಅವರು ೧೯೬೧ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯಕ್ಕೆ ಹೊಸ ಬೆಳಕನ್ನು ತಂದಿತು. ಅಮೆರಿಕನ್ನರ ಪಕ್ಷದಲ್ಲಿಯೂ ಸುಮಾರು ೫,೦೦೦ ಕರಿಯರು ಹೋರಾಡಿದರು. ಕರಿಯನ ನಿಷ್ಠೆಯು ಒಂದು ಸ್ಥಳಕ್ಕೋ ಒಂದು ಜನಕ್ಕೋ ಸಲ್ಲದೆ ತತ್ತ್ವಕ್ಕೆ ಸಲ್ಲುತ್ತಿದ್ದಿತು, ಬಿಡುಗಡೆಯ ಭರವಸೆ ಯಾವ ಕಡೆಯಿಂದ ಬಂದಿತೋ ಆ ಕಡೆಗೆ ಅವನು ನಡೆದನು ಎಂಬುದು ಕ್ವಾರ್ಲ್ಸ್ ಅವರ ಅಭಿಪ್ರಾಯ. ಇದನ್ನು ಒಪ್ಪಿದರೆ 'ದೇಶಭಕ್ತ', 'ದ್ರೋಹಿ' ಎಂಬ ನಮ್ಮ ಪಾಠದ ಎರಡು ಶಬ್ದಗಳು ಅವರ ಮಟ್ಟಿಗೆ ನಿರರ್ಥಕವಾಗುತ್ತವೆ.

ದಕ್ಷಿಣದ ಚಿತ್ರವಂತೂ ಬೇರೆಯೇ. ವರ್ಜೀನಿಯಾವು ೧೭೮೨ರಲ್ಲಿ ಧಣಿಗಳು ಇಚ್ಛಿಸಿದರೆ ಗುಲಾಮರನ್ನು ಬಿಡುಗಡೆ ಮಾಡಬಹುದೆಂದು ಕಾನೂನು ಮಾಡಿತು. ೧೮೦೬ರಲ್ಲಿ, ಬಿಡುಗಡೆಯಾದವನು ಒಂದು ವರ್ಷದೊಳಗೆ ಸಂಸ್ಥಾನವನ್ನೇ ಬಿಡಬೇಕೆಂದು ಅದಕ್ಕೆ ಬೇಲಿ ಹಾಕಿತು. ೧೭೮೭ರ ಸಂವಿಧಾನವು ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಧಣಿಗಳ ಸಂಸ್ಥಾನಗಳ ಪ್ರಾತಿನಿಧ್ಯಕ್ಕೆ ಸೇರಿಸಿತು. ೧೭೯೦ರಲ್ಲಿ ಗುಲಾಮರ ಸಂಖ್ಯೆ ೭ ಲಕ್ಷಕ್ಕೆ ಹತ್ತಿರವಾಗಿದ್ದಿತು. ಬಿಳಿಯರ ಸ್ವಾತಂತ್ರ್ಯವೂ ಕರಿಯರ ದಾಸ್ಯವೂ ವರ್ಜೀನಿಯಾದಲ್ಲಿ ಒಂದನ್ನೊಂದು ಆತುಕೊಂಡು ಬೆಳೆದುವೆಂದು ಎಡ್ಮಂಡ್ ಮಾರ್ಗನ್ ಅವರು ೧೯೭೫ರಲ್ಲಿ ತೋರಿಸಿಕೊಟ್ಟುದು ನಮ್ಮ ಈ ವಿಮರ್ಶೆಗೆ ದೊಡ್ಡ ಆಧಾರ.

೭

ಸ್ತ್ರೀಯರಿಗೂ ಜೇಮ್ಸನ್ನರಲ್ಲಿ ಪ್ರತ್ಯೇಕ ಉಪನ್ಯಾಸವಿಲ್ಲ. ೧೯೮೦ರಲ್ಲಿ ಮೇರಿ ಬೆತ್ ನಾರ್ಟನ್ ಮತ್ತು ಲಿಂಡಾ ಕರ್ಬರ್ ಅವರ ಗ್ರಂಥಗಳು ಹೊರಬಂದ ಮೇಲೆ ಈ ಮೌನವನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆಂಗ್ಲ ವಸ್ತುಗಳ ಬಹಿಷ್ಕಾರವು ರಾಟೆ ಮಗ್ಗಗಳ ಮೇಲೆ ನಿಂತಿದ್ದಿತು. ರಾಟೆಯು ಸ್ತ್ರೀಯರ ಕೈಯಲ್ಲಿದ್ದಿತು. ೧೭೮೦ರಲ್ಲಿ ಫಿಲಡೆಲ್ಫಿಯಾದ ಸ್ತ್ರೀಯರು ಎಸ್ತರ್ ರೀಡಳ ನಾಯಕತ್ವದಲ್ಲಿ ಮನೆಮನೆ ಸುತ್ತಿ, ಬೆಲೆಯಿಳಿದಿದ್ದ ಕಾಗದದ ನಾಣ್ಯದಲ್ಲಿ ಸುಮಾರು ೩ ಲಕ್ಷ ಡಾಲರುಗಳನ್ನು ಕೂಡಿಸಿದರು. ಹಣವನ್ನು ಸೈನಿಕರ ಕೈಗೇ ಕೊಡಬೇಕೆಂಬುದು ಅವರ ಇಷ್ಟ. ವಾಷಿಂಗ್ಟನ್ನನು ಒಪ್ಪದೆ ಅಂಗಿಗಳನ್ನು ಕೇಳಿದನು. ಕೊನೆಗೆ ಅವರು ೨,೦೦೦ಕ್ಕಿಂತ ಹೆಚ್ಚು ಅಂಗಿಗಳನ್ನು ಹೊಲಿದುಕೊಟ್ಟರು. ಸಾರ್ವಜನಿಕ ಕಾರ್ಯಕ್ಕೆ ಬಂದವರು ಮತ್ತೆ ಸೂಜಿದಾರಕ್ಕೆ ಮರಳಿದ ಈ ಕಥೆಯಲ್ಲಿ ಮುಂದಿನದರ ಸೂಚನೆ ಇದೆ.

ಎಲ್ಲಕ್ಕಿಂತ ಬೋಧಪ್ರದವಾದುದು ನ್ಯೂಜರ್ಸಿಯ ನಿದರ್ಶನ. ಅಲ್ಲಿನ ೧೭೭೬ರ ಸಂವಿಧಾನವು ೫೦ ಪೌಂಡುಗಳ ಆಸ್ತಿಯುಳ್ಳ ಎಲ್ಲ ವಯಸ್ಕ ನಿವಾಸಿಗಳಿಗೂ ಮತದಾನದ ಹಕ್ಕನ್ನು ಕೊಟ್ಟಿತು. ಅದರಂತೆ ಆಸ್ತಿಯುಳ್ಳ ವಿಧವೆಯರೂ ಅವಿವಾಹಿತ ಸ್ತ್ರೀಯರೂ ಸ್ವತಂತ್ರ ಕರಿಯರೂ ಮತ ಕೊಡುತ್ತಿದ್ದರು. ವಿವಾಹಿತ ಸ್ತ್ರೀಯ ಆಸ್ತಿಯು ಕಾನೂನಿನ ಕಣ್ಣಿಗೆ ಗಂಡನದಾದುದರಿಂದ ಅವಳಿಗೆ ಈ ಹಕ್ಕು ಇರಲಿಲ್ಲ. ೧೮೦೭ರಲ್ಲಿ ಹೊಸ ಕಾನೂನು ಬಂದಿತು. ತೆರಿಗೆ ಕೊಡುವ ಬಿಳಿಯ ಗಂಡಸರಿಗೆಲ್ಲ ಅದು ಮತದಾನದ ಹಕ್ಕನ್ನು ತೆರೆಯಿತು. ಸ್ತ್ರೀಯರನ್ನೂ ಕರಿಯರನ್ನೂ ಹೊರಗೆ ಹಾಕಿತು. ಬಡ ಬಿಳಿಯನ ಕಡೆಯಿಂದ ಓದಿ ಜೇಮ್ಸನ್ನರ ಮಾರ್ಗದಲ್ಲಿ ಬರೆದರೆ ಇದು ಪ್ರಜಾಪ್ರಭುತ್ವದ ವಿಸ್ತರಣೆ. ವಿಧವೆಯ ಕಡೆಯಿಂದ ಓದಿದರೆ ಅದೇ ಕಾನೂನು ಹಕ್ಕಿನ ಅಪಹರಣ. ಎರಡು ಓದುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನುವಂತಿಲ್ಲ.

ಮೆಸಚೂಸೆಟ್ಸಿನಲ್ಲಿ ಆನಾ ಮಾರ್ಟಿನ್ ಎಂಬಾಕೆಯು ರಾಜನಿಷ್ಠನಾದ ಗಂಡನೊಡನೆ ದೇಶ ಬಿಟ್ಟು ಹೋದುದರಿಂದ ಅವಳಿಗೆ ತಂದೆಯಿಂದ ಬಂದಿದ್ದ ಆಸ್ತಿಯು ಮುಟ್ಟುಗೋಲಾಗಿದ್ದಿತು. ೧೮೦೫ರಲ್ಲಿ ಅವಳ ಮಗನು ದಾವೆಯಲ್ಲಿ ಗೆದ್ದನು. ಗಂಡನನ್ನು ಬಿಟ್ಟು ದೇಶದ ಪಕ್ಷ ಹಿಡಿಯುವ ಸ್ವತಂತ್ರ ಸಂಕಲ್ಪವು ಹೆಂಡತಿಗೆ ಇರಲಾರದಾದುದರಿಂದ ಅವಳು ದ್ರೋಹಿಯೂ ಆಗಲಾರಳೆಂಬುದು ಆ ಗೆಲುವಿನ ತಳಹದಿ. ಆಸ್ತಿಯನ್ನು ಹಿಂದಕ್ಕೆ ಕೊಟ್ಟ ತೀರ್ಪೇ ಸ್ತ್ರೀಯ ಪೌರತ್ವವನ್ನು ಟೊಳ್ಳುಮಾಡಿತು.

೮

ಇಷ್ಟನ್ನು ಹೇಳಿದ ಮೇಲೆ ನಮ್ಮ ವಿಮರ್ಶೆಗೇ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಲಾಭನಷ್ಟಗಳ ಪಟ್ಟಿಯಲ್ಲಿ ಕ್ರಾಂತಿಯ ವಿಚಾರಶಕ್ತಿಯು ಕಾಣೆಯಾಗುವುದಿಲ್ಲವೆ? ಆಕ್ಷೇಪಣೆಯು ನ್ಯಾಯವಾದುದು. ೧೭೭೭ರ ಜನವರಿಯಲ್ಲಿ ಪ್ರಿನ್ಸ್ ಹಾಲ್ ಮೊದಲಾದ ಕರಿಯರು ಮೆಸಚೂಸೆಟ್ಸಿನ ಶಾಸನಸಭೆಗೆ ಮನವಿ ಕೊಟ್ಟು, ಅಮೆರಿಕನ್ನರು ಬ್ರಿಟನ್ನಿಗೆ ಹೇಳುತ್ತಿದ್ದ ವಾದವನ್ನೇ ಅಮೆರಿಕನ್ನರಿಗೆ ತಿರುಗಿಸಿ ಹೇಳಿದರು. ೧೭೮೧ರಲ್ಲಿ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಸ್ತ್ರೀಯು ಅದೇ ಸಂಸ್ಥಾನದ ಹೊಸ ಸಂವಿಧಾನವನ್ನು ಆಧಾರವಾಗಿಟ್ಟುಕೊಂಡು ನ್ಯಾಯಾಲಯದಲ್ಲಿ ತನ್ನ ಬಿಡುಗಡೆಯನ್ನು ಗೆದ್ದಳು. ಸಮತೆಯ ಮಾತನ್ನು ಒಮ್ಮೆ ಆಡಿದ ಮೇಲೆ ಅದನ್ನು ಕೇಳಿಸಿಕೊಳ್ಳುವವರು ಯಾರೆಂಬುದನ್ನು ಆಡಿದವರು ನಿರ್ಬಂಧಿಸಲಾರರು. ಈ ಅಂಶದಲ್ಲಿ ಜೇಮ್ಸನ್ನರು ಕಂಡದ್ದು ಸತ್ಯ.

ಆದರೆ ಹಾಲ್, ಫ್ರೀಮನ್ ಮೊದಲಾದವರ ಕೈಗೆ ಆ ಫಲವನ್ನು ಯಾವ ಪ್ರವಾಹವೂ ತಂದು ಹಾಕಲಿಲ್ಲ. ಅವರೇ ಹೋಗಿ ಅದನ್ನು ಕಿತ್ತುಕೊಂಡರು. ಪ್ರವಾಹದ ಉಪಮೆಯ ದೊಡ್ಡ ದೋಷವು ಇದೇ ಎಂದು ನಮಗೆ ತೋರುತ್ತದೆ. ಅದರಲ್ಲಿ ಕೊಡುವವನೂ ಇಲ್ಲ, ಕಳೆದುಕೊಳ್ಳುವವನೂ ಇಲ್ಲ, ಹೋರಾಡುವವನೂ ಇಲ್ಲ. ನೀರು ಮಾತ್ರ ಇದೆ. ಮನುಷ್ಯರು ಮಾಡಿದ ಶಾಸನಗಳನ್ನು ನಿಸರ್ಗದ ವ್ಯಾಪಾರವೆಂಬಂತೆ ವರ್ಣಿಸಿದರೆ ಮಾಡಿದವರ ಹೊಣೆಯೂ ಪಡೆದವರ ಶ್ರಮವೂ ಒಟ್ಟಿಗೆ ಅಳಿಸಿಹೋಗುತ್ತವೆ.

ಆದುದರಿಂದ ಜೇಮ್ಸನ್ನರ ಗ್ರಂಥವನ್ನು ಕಪಾಟಿನಿಂದ ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಇಂದಿಗೂ ವಿದ್ಯಾರ್ಥಿಗಳು ಅದನ್ನು ಓದತಕ್ಕದ್ದು. ಆದರೆ ಅದರಲ್ಲಿ ಬರುವ ಪ್ರತಿಯೊಂದು ಲಾಭದ ಪಕ್ಕದಲ್ಲಿಯೂ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳತಕ್ಕದ್ದು: ಇದು ಯಾರಿಗೆ ದೊರೆಯಿತು? ಯಾರಿಂದ ಬಂದಿತು? ಕಳೆದುಕೊಂಡವರಿಗೆ ಮಾತನಾಡುವ ಸ್ಥಳ ಎಲ್ಲಿದ್ದಿತು? ೧೯೪೭ರಲ್ಲಿ ಸ್ವತಂತ್ರವಾದ ದೇಶದ ಅಧ್ಯಾಪಕರಾದ ನಮಗೆ ಈ ಅಭ್ಯಾಸವು ಅಮೆರಿಕಾದ ಪಾಠಕ್ಕೆ ಮಾತ್ರ ಉಪಯೋಗಕ್ಕೆ ಬರತಕ್ಕದ್ದಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಆ ದಿನ ನಮ್ಮನ್ನು ಪ್ರಶ್ನಿಸಿದ ವಿದ್ಯಾರ್ಥಿಗೆ ನಾವು ಮರುವಾರ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಪರೀಕ್ಷೆಯು ಸಮೀಪಿಸಿದುದರಿಂದ ಪಾಠವು ಫ್ರಾನ್ಸಿನ ಕ್ರಾಂತಿಗೆ ಸಾಗಿದ್ದಿತು. ಈ ಲೇಖನವನ್ನು ಆ ಬಾಕಿಯ ಸಂದಾಯವೆಂದು ಓದುಗರು ಭಾವಿಸಬಹುದು.